ಬಾಯಿ ಮುಚ್ಚಿದ ಗರ್ಜನೆ

ನನ್ನ ಕಸುಬು ಸದ್ದು ಮಾಡುವುದು. ಹಾಗೆಂದರೆ ಜನ ನಗುತ್ತಾರೆ, ಸದ್ದು ಮಾಡದವರು ಯಾರಿದ್ದಾರೆ ಎಂದು. ನಾನು ಮಾಡುವುದು ಸಿನಿಮಾಕ್ಕೆ. ತೆರೆಯ ಮೇಲೆ ಖಳನಾಯಕನ ಕೈಮೂಳೆ ಲಟಕ್ಕನೆ ಮುರಿದರೆ ಅದು ನಾನು ಮೈಕಿನ ಮುಂದೆ ಮುರಿದ ಗಜ್ಜರಿ. ಬಾವಲಿಗಳು ಪಟಪಟನೆ ಹಾರಿದರೆ ಅದು ನನ್ನ ಹಳೆಯ ಕೊಡೆ. ನಾಯಕಿ ಹಿಮದ ಮೇಲೆ ಹೆಜ್ಜೆಯಿಟ್ಟರೆ, ಜೋಳದ ಹಿಟ್ಟಿನ ಚೀಲದ ಮೇಲೆ ಹೆಜ್ಜೆಯಿಟ್ಟವಳು ನಾನು, ಅದೂ ಆಕೆಗಿಂತ ಚೆನ್ನಾಗಿ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಇದಕ್ಕೊಂದು ವ್ಯಾಖ್ಯಾನ ಕೊಟ್ಟಿದ್ದಾರೆ. "ನಾದ ಮಾಡೋಳೇ ನಾದಿನಿ." ಮದುವೆಯಾದ ಹೊಸದರಲ್ಲಿ ಹೇಳಿದ ಜೋಕು ಇದು. ಈಗಲೂ ಆ ಕ್ಷಣಕ್ಕೆ ಹೊಳೆದಂತೆ ಹೇಳಿ, ಯಾರೂ ನಗುವ ಮೊದಲೇ ತಾವೇ ನಕ್ಕು ಮುಗಿಸುತ್ತಾರೆ. ಮನೆಯಲ್ಲಿ ಇಷ್ಟು ನಗುವ ಮನುಷ್ಯ ಶಾಲೆಯ ಗೇಟು ದಾಟಿದರೆ ಹುಲಿ. ಅವರು ಹೆಡ್‌ಮಾಸ್ಟರು. ಕಾರಿಡಾರಿನ ಆ ತುದಿಯಲ್ಲಿ ಅವರ ಬೂಟಿನ ಸದ್ದು ಕೇಳಿದರೆ ಈ ತುದಿಯ ತರಗತಿಯವರೆಗೂ ಗಪ್‌ಚಿಪ್. "ಬಾಯಿ ಮುಚ್ಚಿ!" ಎನ್ನುವುದೇ ಅವರ ಬೆಳಗಿನ ನಮಸ್ಕಾರ. ಸದ್ದೇ ಹೊಟ್ಟೆಪಾಡಾದ ನಾನೂ ಸದ್ದೆಂದರೆ ಸಿಡಿಮಿಡಿಗುಟ್ಟುವ ಅವರೂ ಎಣ್ಣೆ ಸೀಗೆಕಾಯಿ. ಆದರೂ ನನಗೆ ಹೆಸರು ತಂದುಕೊಟ್ಟ ಸದ್ದು ಮಾತ್ರ ಅವರದೇ.

ಅದು ಹೀಗಾಯಿತು. ನಗರಕ್ಕೆ ನುಗ್ಗಿದ ಡೈನೋಸಾರ್‌ನ ಸಿನಿಮಾವೊಂದಕ್ಕೆ ಗರ್ಜನೆ ಬೇಕಿತ್ತು. ಸಿಂಹದ ಸದ್ದು ಕೊಟ್ಟೆ, ನಿರ್ದೇಶಕರು ಮೂಗು ಮುರಿದರು. ಆನೆಯದು ಕೊಟ್ಟೆ, ಮತ್ತೂ ಮುರಿದರು. "ಯಾರೂ ಕೇಳಿರಬಾರದು ಮೇಡಂ, ಆದ್ರೆ ಕೇಳಿದ ತಕ್ಷಣ ಎಲ್ಲರಿಗೂ ಗೊತ್ತಾಗಬೇಕು" ಎಂದರು. ತಲೆ ಕೆಟ್ಟು ಅಕ್ಕನ ಮನೆಗೆ ಹೋದೆ. ಭಾನುವಾರದ ಮಧ್ಯಾಹ್ನ, ಭಾವ ಊಟ ಮಾಡಿ ಸೋಫಾದ ಮೇಲೆ ಅಂಗಾತ ಬಿದ್ದುಕೊಂಡಿದ್ದರು. ಉಸಿರು ಒಳಗೆಳೆಯುವಾಗ ಗರಗಸ, ಹೊರಗೆ ಬಿಡುವಾಗ ಹಳೆಯ ಲಾರಿ, ನಡುವೆ ಪ್ರಾಣ ಹೋಯಿತೇನೋ ಎನ್ನುವಷ್ಟು ಮೌನ. ನಾನು ನಿಂತಲ್ಲೇ ನಿಂತೆ.

"ರೆಕಾರ್ಡ್ ಮಾಡ್ಕೊಳೇ" ಎಂದಳು ಅಕ್ಕ. "ನಾನು ಗೊರಕೇನೇ ಹೊಡೆಯಲ್ಲ ಅಂತ ವಾದಿಸ್ತಾರೆ. ನಂಗೂ ಒಂದು ಸಾಕ್ಷಿ ಬೇಕು."

ಆ ಗೊರಕೆಯ ವೇಗ ಇಳಿಸಿ, ಅಡಿಯಲ್ಲಿ ತುಕ್ಕು ಹಿಡಿದ ಗೇಟನ್ನು ಎಳೆದ ಸದ್ದು ಸೇರಿಸಿದೆ. ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಸಿನಿಮಾ ಓಡಿತು. ಸಿನಿಮಾ ನಿಂತ ಮೇಲೂ ಗರ್ಜನೆ ಓಡುತ್ತಲೇ ಇತ್ತು. ಮೊಬೈಲುಗಳಲ್ಲಿ ರಿಂಗ್‌ಟೋನಾಯಿತು, ಹೊಟ್ಟೆ ಒತ್ತಿದರೆ ಕೂಗುವ ಆಟಿಕೆಯಾಯಿತು, ಬ್ಯಾಟರಿಯ ಜಾಹೀರಾತಿಗೂ ಬಂತು. ಬೀದಿಯಲ್ಲಿ ಮಕ್ಕಳು ಬೆರಳು ಮಡಿಸಿ, ಬಾಯಿ ಕಿವಿವರೆಗೆ ಹಿಗ್ಗಿಸಿ ಡೈನೋಸಾರ್ ಆಟವಾಡುವಾಗ ಕೂಗುವುದು ನನ್ನ ಭಾವನ ಭಾನುವಾರದ ನಿದ್ದೆಯನ್ನೇ.

ವಿಷಯ ತಿಳಿದಾಗ ಭಾವನ ಮುಖ ಬಿಳಿಚಿಕೊಂಡಿತು. "ನಾದಿನೀ, ದಮ್ಮಯ್ಯ ಅಂತೀನಿ. ಸ್ಕೂಲಲ್ಲಿ ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. 'ಬಾಯಿ ಮುಚ್ಚಿ' ಅಂದ್ರೆ 'ಮೊದ್ಲು ನೀವು ಮುಚ್ಚಿ ಸಾರ್' ಅಂತಾರೆ." ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟೆ. ಅಂದಿನಿಂದ ಅದು ಮನೆಯ ನಾಲ್ವರ ಗುಟ್ಟಾಗಿಯೇ ಉಳಿದಿತ್ತು.

ನಾಲ್ಕನೆಯವಳು ಅವರ ಮಗಳು. ಅವಳನ್ನು ನಾವು ಕರೆಯುವುದು ಮೂಳೆ ಎಂದು. ಚಿಕ್ಕವಳಿದ್ದಾಗ ಕಡ್ಡಿಯ ಹಾಗಿದ್ದಳೆಂದು ಇಟ್ಟ ಹೆಸರು. ಮುಂದೆ ಅವಳು ಕಲ್ಲಾದ ಮೂಳೆಗಳನ್ನೇ ಓದಿ ವಿಜ್ಞಾನಿಯಾಗಿ ಆ ಹೆಸರಿಗೆ ಗೌರವ ತಂದಳು. ವಿಜ್ಞಾನ ಮ್ಯೂಸಿಯಂ ಒಂದರಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿನ ದೊಡ್ಡ ಹಾಲಿನಲ್ಲಿ ಎರಡು ಮಹಡಿ ಎತ್ತರದ ಡೈನೋಸಾರ್ ಅಸ್ಥಿಪಂಜರವನ್ನು ಜೋಡಿಸಿ ನಿಲ್ಲಿಸುವುದು ಅವಳ ಮೊದಲ ಸ್ವಂತ ಜವಾಬ್ದಾರಿ. ಆ ಕೆಲಸ ಮುಗಿಯುವ ಹೊತ್ತಿಗೆ ಒಂದು ದಿನ ನನ್ನ ಸ್ಟುಡಿಯೋಕ್ಕೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದಳು.

"ಚಿಕ್ಕಮ್ಮ, ಅದು ಗರ್ಜಿಸ್ತಾನೇ ಇರ್ಲಿಲ್ಲ."

"ಯಾವುದು?"

"ಡೈನೋಸಾರ್. ನಮ್ಮ ಡೈರೆಕ್ಟರು ಅಸ್ಥಿಪಂಜರದ ಪಕ್ಕ ಒಂದು ಬಟನ್ ಇಡಿಸ್ತಾರಂತೆ, ಒತ್ತಿದ್ರೆ ನಿನ್ನ ಗರ್ಜನೆ ಬರತ್ತಂತೆ. ಸಿನಿಮಾದವರ ಒಪ್ಪಿಗೇನೂ ತಗೊಂಡಿದಾರೆ. ನಂಗೆ ಅದು ಬೇಡ. ನಿಜವಾದ ಸದ್ದು ಮಾಡ್ಕೊಡು."

ನನಗೆ ಮೈಯೆಲ್ಲ ಉರಿಯಿತು. ತೊಟ್ಟಿಲಲ್ಲಿ ನಾನು ತೂಗಿದ ಹುಡುಗಿ ನನ್ನ ಗರ್ಜನೆಗೇ ಅಪಸ್ವರ ಎತ್ತುತ್ತಾಳೆ! "ನಿಜವಾದದ್ದು ಅಂದ್ರೆ? ನೀನೇನು ಹೋಗಿ ಕೇಳ್ಕೊಂಡು ಬಂದ್ಯಾ?"

"ಯಾರೂ ಕೇಳಿಲ್ಲ. ಗಂಟಲು ಕಲ್ಲಾಗಿ ಉಳಿಯೋದು ತೀರಾ ಅಪರೂಪ. ಇದರದ್ದಂತೂ ಸಿಕ್ಕಿಲ್ಲ. ಆದ್ರೆ ಅದರ ನೆಂಟರು ಇನ್ನೂ ಇದಾರಲ್ಲ? ಒಂದ್ಕಡೆ ಮೊಸಳೆ, ಇನ್ನೊಂದ್ಕಡೆ ಹಕ್ಕಿಗಳು. ಎರಡು ಕಡೇನೂ ಎಷ್ಟೋ ಪ್ರಾಣಿಗಳು ಬಾಯಿ ಮುಚ್ಕೊಂಡೇ ಕೂಗೋದು. ಗಂಟಲಿಗೆ ಗಾಳಿ ತುಂಬ್ಕೊಂಡು, ಒಳಗೊಳಗೇ ಗುಮ್ಮ್ ಅಂತ."

"ಬಾಯಿ ಮುಚ್ಕೊಂಡ್ರೆ ಯಾರು ಹೆದರ್ತಾರೆ?"

"ಅಪ್ಪ ಬೈದಾಗ ಜಾಸ್ತಿ ಹೆದರ್ತಿದ್ವಾ, ಅಥವಾ ಏನೂ ಅನ್ನದೆ ಸುಮ್ನೆ 'ಹೂಂ' ಅಂದಾಗಲಾ?"

ಎದುರಿನವರ ಮಾತು ಸರಿಯಿದ್ದಾಗ ನನಗೆ ಕೋಪ ಇನ್ನೂ ಜಾಸ್ತಿ. ಸಾಲದ್ದಕ್ಕೆ ಅದೇ ಹೊತ್ತಿಗೆ ಕಿಟಕಿಯಲ್ಲಿ ಪಾರಿವಾಳ ಶುರುಮಾಡಿತು. ಈ ಪಾರಿವಾಳಗಳು ನನ್ನ ಹಳೆಯ ಶತ್ರುಗಳು. ನಾಯಕಿ ಕೊನೆಯುಸಿರೆಳೆಯುವ ಸದ್ದನ್ನು ನಾನು ಎದೆ ಹಿಡಿದುಕೊಂಡು ಮಾಡುತ್ತಿದ್ದರೆ ಕಿಟಕಿಯಿಂದ ಗುಟುರ್‌ಗೂಂ ಎಂದು ಎಲ್ಲವನ್ನೂ ಹಾಳು ಮಾಡುತ್ತವೆ. ಚಪ್ಪಲಿ ತೆಗೆದು ಬೀಸಲು ಕೈ ಎತ್ತಿದೆ. ಮೂಳೆ ನನ್ನ ಕೈ ಹಿಡಿದುಕೊಂಡಳು.

"ಹೊಡೀಬೇಡ. ಅದರ ಬಾಯಿ ನೋಡು."

ನೋಡಿದೆ. ಕೊಕ್ಕು ಭದ್ರವಾಗಿ ಮುಚ್ಚಿತ್ತು. ಕತ್ತು ಉಬ್ಬಿತು, ಇಡೀ ಹಕ್ಕಿ ಒಂದು ಸುತ್ತು ದಪ್ಪವಾಯಿತು, ಸದ್ದು ಬಂತು. ವರ್ಷಗಟ್ಟಲೆ ಈ ಸದ್ದನ್ನು ಬೈದವಳು ನಾನು. ಅದು ಯಾವ ಬಾಯಿಂದ ಬರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಹಕ್ಕಿಗಳು ಅಂದ್ರೆ ಯಾರು ಅಂದ್ಕೊಂಡೆ? ಉಳ್ಕೊಂಡಿರೋ ಡೈನೋಸಾರ್‌ಗಳು" ಎಂದಳು ಮೂಳೆ. "ನೀನು ಇಷ್ಟು ದಿನ ಚಪ್ಪಲೀಲಿ ಹೊಡೀತಿರೋದು ಡೈನೋಸಾರ್‌ಗೇ."

ನಾನು ಚಪ್ಪಲಿ ಕೆಳಗಿಟ್ಟೆ. ಸೋತೆನೆಂದಲ್ಲ. ನನಗೆ ಆ ಸದ್ದು ಬೇಕಾಯಿತು, ಅಷ್ಟೇ.

ಬೇಡವೆಂದಾಗ ಬಾಯಿಗೆ ಬಿಡುವಿಲ್ಲದ ಆ ಪಾರಿವಾಳಗಳು, ಮೈಕು ಹಿಡಿದು ಕೂತರೆ ಮೌನವ್ರತ ಹಿಡಿದವು. ಕಿಟಕಿಯಲ್ಲಿ ಕಾಳು ಚೆಲ್ಲಿದೆ. ಕಾಳು ತಿಂದು, ಗಾಜಿನ ಮೇಲೆ ಗಲೀಜು ಮಾಡಿ ಹೋದವು. ಕೊನೆಗೆ ನಾಯಕಿಯೊಬ್ಬಳ ಬಿಕ್ಕಳಿಕೆಯನ್ನು ನಾನು ಮೈಕಿನ ಮುಂದೆ ಅಭಿನಯಿಸುತ್ತಿದ್ದಾಗ ಒಂದು ಗಂಡು ಹಕ್ಕಿ ಬಂದು ಮನಸಾರೆ ಹಾಡಿತು. ಬಿಕ್ಕಳಿಕೆಯನ್ನು ಅಲ್ಲಿಗೇ ಬಿಟ್ಟು ಅದನ್ನೇ ಹಿಡಿದುಕೊಂಡೆ. ಅದರ ವೇಗ ಇಳಿಸುತ್ತಾ ಹೋದಂತೆ ಪಾರಿವಾಳ ಮಾಯವಾಗಿ ಬೇರೆ ಯಾರೋ ಬಂದು ಕೋಣೆಯಲ್ಲಿ ಕೂತಂತಾಯಿತು. ಖಾಲಿ ನೀರಿನ ಡ್ರಮ್ಮಿನ ಬಾಯಿಗೆ ಲಾರಿ ಟ್ಯೂಬಿನ ರಬ್ಬರು ಬಿಗಿದು, ಒದ್ದೆ ಅಂಗೈಯಿಂದ ಉಜ್ಜಿ, ಆ ಸದ್ದನ್ನೂ ಕೆಳಗೆ ಸೇರಿಸಿದೆ. ಮೂಳೆ ಪಕ್ಕದಲ್ಲೇ ಕೂತು ಕಾಟ ಕೊಟ್ಟಳು. "ಇದು ಜಾಸ್ತಿ ದುಃಖದಲ್ಲಿದೆ." "ಇದು ಸಿನಿಮಾ ಥರ ಆಯ್ತು." "ಇಷ್ಟು ದೊಡ್ಡ ಪ್ರಾಣಿಗೆ ಉಸಿರು ಇಷ್ಟು ಬೇಗ ಮುಗಿಯಲ್ಲ." ಅವಳಪ್ಪನ ಮಗಳು, ಉತ್ತರಪತ್ರಿಕೆ ತಿದ್ದಿದ ಹಾಗೆ ತಿದ್ದಿದಳು. ಬೈದುಕೊಂಡೇ ಅವಳು ಹೇಳಿದಂತೆ ಮಾಡಿದೆ, ಏಕೆಂದರೆ ಅವಳು ಹೇಳಿದ ಹಾಗೆಲ್ಲ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು.

ಮ್ಯೂಸಿಯಮ್ಮಿನಲ್ಲಿ ಪರೀಕ್ಷೆಯ ದಿನ ಡೈರೆಕ್ಟರು ಕೈಕಟ್ಟಿ ನಿಂತರು. ಮೂಳೆ ಬಟನ್ ಒತ್ತಿದಳು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದಳು. ಮೇಲೆ ಫ್ಯಾನು ತಿರುಗುವುದು ಕೇಳಿಸಿತು.

"ವೈರು ಹೋಗಿರ್ಬೇಕು ಮೇಡಂ" ಎಂದರು ಡೈರೆಕ್ಟರು, ಸಭ್ಯರಾಗಿ.

ವೈರು ಹೋಗಿರಲಿಲ್ಲ, ಹೋಗಿದ್ದು ನನ್ನ ಮರ್ಯಾದೆ. ಬೀರುವಿನಷ್ಟು ದೊಡ್ಡ ಸ್ಪೀಕರು ಮುಂದಿಟ್ಟುಕೊಂಡು ಸದ್ದು ಕಟ್ಟಿದವಳು, ಅಷ್ಟು ತಗ್ಗಿನ ಸದ್ದು ಅವರ ಅಂಗೈಯಗಲದ ಸ್ಪೀಕರಿನಿಂದ ಹೊರಡುವುದೇ ಇಲ್ಲವೆಂದು ಯೋಚಿಸಿರಲಿಲ್ಲ. ಯಾವ ಹೊಸಬರೂ ಮಾಡದ ತಪ್ಪು. ಆ ಸಿಟ್ಟಿನಲ್ಲೇ ನನ್ನ ಸ್ಪೀಕರನ್ನು ಲಾರಿಯಲ್ಲಿ ತರಿಸಿದೆ. ಅಸ್ಥಿಪಂಜರದ ಮುಂದೆ ಜನ ನಿಲ್ಲಲು ಮರದ ಜಗಲಿಯೊಂದಿತ್ತು, ಅದರ ಹೊಟ್ಟೆಯೊಳಗೆ ಸ್ಪೀಕರನ್ನು ಕೂರಿಸಿದೆ. ಈಗ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಬರುತ್ತಿತ್ತು.

ಡೈರೆಕ್ಟರು ಜಗಲಿಯ ಮೇಲೆ ನಿಂತು ಒಂದು ಸಲ ಕೇಳಿಸಿಕೊಂಡರು. "ಚೆನ್ನಾಗಿದೆ" ಎಂದರು, ಚೆನ್ನಾಗಿಲ್ಲ ಎನ್ನುವವರ ದನಿಯಲ್ಲಿ. "ಆದ್ರೆ ಮಕ್ಕಳು ಗರ್ಜನೆ ಕೇಳೋಕೆ ಬರ್ತಾರೆ. ಬೋರ್ಡ್ ಮೇಲೆ ನೀವು 'ಬಹುಶಃ ಹೀಗೆ ಕೂಗುತ್ತಿತ್ತು' ಅಂತ ಬೇರೆ ಬರೆದಿದೀರಿ. ಬಹುಶಃ ಅಂದ್ರೆ ಯಾರಮ್ಮ ಬರ್ತಾರೆ? ಹೀಗೆ ಮಾಡೋಣ, ಎರಡು ಬಟನ್ ಇಡೋಣ. ಕೆಂಪು ಒತ್ತಿದ್ರೆ ಸಿನಿಮಾದ್ದು, ನೀಲಿ ಒತ್ತಿದ್ರೆ ನಿಮ್ದು. ಮೊದಲ ದಿನ ಜನ ಯಾವುದನ್ನ ಕೇಳ್ತಾರೋ ಅದು ಉಳೀಲಿ, ಇನ್ನೊಂದು ತೆಗೆಯೋಣ."

"ಕೆಂಪು ಉಳಿದ್ರೆ ಬೋರ್ಡಿಂದ ನನ್ನ ಹೆಸರು ತೆಗೆದುಬಿಡಿ ಸರ್" ಎಂದಳು ಮೂಳೆ. "ಗೊತ್ತಿದ್ದೂ ಗೊತ್ತಿದ್ದೂ ಸುಳ್ಳಿನ ಕೆಳಗೆ ಹೆಸರು ಹಾಕ್ಕೊಳ್ಳಲ್ಲ."

ತಗ್ಗಿದ ದನಿಯಲ್ಲೇ ಹೇಳಿದಳು. ಮೂರು ವರ್ಷ ಕಲ್ಲು ಕೆರೆದು, ಒಂದೊಂದೇ ಬೆನ್ನುಮೂಳೆ ಎಣಿಸಿ ನಿಲ್ಲಿಸಿದ ಪ್ರಾಣಿಯ ಪಕ್ಕದಿಂದ ತನ್ನ ಹೆಸರನ್ನು ತಾನೇ ಅಳಿಸಲು ಹೊರಟಿದ್ದಳು. ಅದೂ ನನ್ನ ಗರ್ಜನೆಯ ದೆಸೆಯಿಂದ. ನನ್ನ ಸಂಕಟ ಯಾರಿಗೆ ಹೇಳಲಿ?

ಮೊದಲ ದಿನ ಜನವೋ ಜನ. ಅಕ್ಕ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳು. ಭಾವ ತಮ್ಮ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದಿದ್ದರು. ಮಕ್ಕಳು ತಲೆಯೆತ್ತಿ ಆ ಅಸ್ಥಿಪಂಜರವನ್ನು ನೋಡಿದರು, ಆಮೇಲೆ ಕೆಂಪು ಬಟನ್ ನೋಡಿದರು. ಅಷ್ಟೇ. ಗರ್ಜನೆ ಎದ್ದಿತು, ಇಡೀ ಹಾಲೇ ಕಿರುಚಿತು, ಮತ್ತೆ ಒತ್ತಿದರು. ಒತ್ತಲು ಸಾಲು ನಿಂತರು. ದೊಡ್ಡವರೂ ಒತ್ತಿ, ಮೊಬೈಲು ಹಿಡಿದು, ಬಾಯಿ ತೆರೆದು ಫೋಟೋ ತೆಗೆಸಿಕೊಂಡರು. ನನ್ನ ಮಗುವಿನಂಥ ಗರ್ಜನೆಯೇ ನನ್ನ ಅಕ್ಕನ ಮಗುವಿನ ಕೂಳಿಗೆ ಕಲ್ಲು ಹಾಕುತ್ತಿತ್ತು. ತಡೆಯಲಾರದೆ ಹೋಗಿ ಕೆಂಪು ಬಟನ್ನಿಗೆ ಅಡ್ಡವಾಗಿ ನಿಂತೆ, ಏನೋ ಅಸ್ಥಿಪಂಜರ ನೋಡುವವಳಂತೆ.

"ಅಜ್ಜಿ, ಸ್ವಲ್ಪ ಆ ಕಡೆ ಹೋಗಿ" ಎಂದಿತು ಒಂದು ಪುಟ್ಟ ಹುಡುಗಿ.

ಅಜ್ಜಿಯಂತೆ! ಇನ್ನೂ ಒಂದೇ ಏಟಿಗೆ ಗಜ್ಜರಿ ಮುರಿಯುವ ಕೈ ನನ್ನದು. ಆದರೂ ಸರಿದೆ.

ಮೂಳೆ ನೀಲಿ ಬಟನ್ನಿನ ಪಕ್ಕ ನಿಂತೇ ಇದ್ದಳು. ಬೆಳಗ್ಗೆ ಇದ್ದ ನಗು ಹೊತ್ತು ಹೋದಂತೆ ಸಣ್ಣದಾಗುತ್ತಾ ಬಂದಿತ್ತು. ಯಾರೂ ಮುಟ್ಟದ ಬಟನ್ನನ್ನು ಸುಮ್ಮನೆ ಕರ್ಚೀಫಿನಿಂದ ಒರೆಸುತ್ತಿದ್ದಳು. ಆಚೆ ಡೈರೆಕ್ಟರು ನಗುನಗುತ್ತಾ ಯಾರಿಗೋ ಕೈ ಕುಲುಕುತ್ತಿದ್ದರು. ನನ್ನ ಬಾಯಿಂದ ಒಂದು ಮಾತು ಹೊರಟಿದ್ದರೆ ಆ ಗರ್ಜನೆಯ ಕಥೆ ಮುಗಿಯುತ್ತಿತ್ತು. ಆದರೆ ಕೊಟ್ಟ ಮಾತೊಂದಿತ್ತಲ್ಲ, ಅದು ನಾಲಿಗೆಯನ್ನು ಕಟ್ಟಿಹಾಕಿತ್ತು. ಭಾವನ ಕಡೆ ನೋಡಿದೆ.

ಭಾವ ನನ್ನನ್ನು ನೋಡುತ್ತಿರಲಿಲ್ಲ. ಮಗಳ ಕೈಯ ಕರ್ಚೀಫನ್ನು ನೋಡುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಗುಂಪು ಸೀಳಿಕೊಂಡು ಹೋಗಿ ಜಗಲಿ ಹತ್ತಿ, ತಾವೇ ಕೆಂಪು ಬಟನ್ ಒತ್ತಿದರು. ಗರ್ಜನೆ ಮೊಳಗಿ ಮುಗಿಯಿತು.

"ಮಕ್ಕಳೇ" ಎಂದರು. ಶಾಲೆಯ ದನಿ, ಹಾಲು ತಟ್ಟನೆ ಸ್ತಬ್ಧವಾಯಿತು. "ಈ ಸದ್ದು ಯಾರದು?"

"ಡೈನೋಸಾರ್‌ದು ಸಾರ್!"

"ಅಲ್ಲ. ನಂದು."

ಹೆಡ್‌ಮಾಸ್ಟರಿಗೆ ಏನೋ ಆಗಿದೆ ಎಂದು ಜೊತೆಗೆ ಬಂದಿದ್ದ ಟೀಚರು ಎರಡು ಹೆಜ್ಜೆ ಮುಂದೆ ಬಂದರು.

"ನಾನು ಊಟ ಮಾಡಿ ಮಲಗಿದಾಗ ಹೊಡೆದ ಗೊರಕೆ. ಅಗೋ ಅಲ್ಲಿ ನಿಂತಿದಾಳಲ್ಲ, ನನ್ನ ನಾದಿನಿ, ನಾದ ಮಾಡೋಳು, ಅವಳು ಅದನ್ನ ಹಿಡಿದು ಸಿನಿಮಾಕ್ಕೆ ಮಾರಿದ್ಲು." ಆ ಸಂದರ್ಭದಲ್ಲೂ ಜೋಕು ಬಿಡಲಿಲ್ಲ ಮಹಾರಾಯರು. "ನಂಬ್ತಿಲ್ವಾ? ನೋಡಿ."

ಇಸ್ತ್ರಿ ಮಾಡಿದ ಶರ್ಟನ್ನೂ ಲೆಕ್ಕಿಸದೆ ಜಗಲಿಯ ಮೇಲೆ ಅಂಗಾತ ಮಲಗಿಬಿಟ್ಟರು. ಕಣ್ಣು ಮುಚ್ಚಿ ಗೊರಕೆ ಹೊಡೆದರು. ಎಂಥ ಗೊರಕೆ! ಬೆಕ್ಕಿಗೆ ಶೀತವಾದ ಹಾಗಿತ್ತು. ಎಚ್ಚರವಿದ್ದಾಗ ಆ ಕಲೆ ಅವರಿಗೆ ಒಲಿಯುವುದಿಲ್ಲವೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮೂಳೆ ಬಾಯಿಗೆ ಕರ್ಚೀಫು ಒತ್ತಿಕೊಂಡಳು.

ಆಗ ಅಕ್ಕನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಹಾಗಲ್ಲ ರೀ ನೀವು ಹೊಡೆಯೋದು!" ಎಂದು ಜಗಲಿ ಹತ್ತಿದಳು. "ಇಷ್ಟು ವರ್ಷ ನಿದ್ದೆಗೆಟ್ಟು ಕೇಳಿದೀನಿ, ನಂಗೊತ್ತಿಲ್ವಾ?" ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಗರಗಸವನ್ನು ಒಳಗೆಳೆದಳು. ನಡುವಿನ ಆ ಭಯಂಕರ ಮೌನವನ್ನು ತಪ್ಪದೆ ಹಿಡಿದಳು. ಆಮೇಲೆ ಲಾರಿಯನ್ನು ಬಿಟ್ಟಳು. ಹೂಬೇಹೂಬು ಅದೇ. ಸದ್ದು ಮಾಡುವವಳು ನಾನೆಂದು ಬೀಗುತ್ತಿದ್ದೆ, ಮನೆತನದ ಪ್ರತಿಭೆಯೆಲ್ಲ ಅಲ್ಲಿತ್ತು.

ಮಲಗಿದ್ದಲ್ಲಿಂದಲೇ ಭಾವ ಕೈಚಾಚಿ ಕೆಂಪು ಬಟನ್ ಒತ್ತಿದರು. ಗರ್ಜನೆ ಬಂತು. ಒಂದು ಕ್ಷಣ ಬಿಟ್ಟು ಇಡೀ ಹಾಲು ನಗಲು ಶುರುಮಾಡಿತು. "ಸಾರ್! ನಮ್ ಸಾರ್!" ಎಂದು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಟೀಚರು ಗೋಡೆ ಹಿಡಿದುಕೊಂಡು ನಕ್ಕರು. ಮತ್ತೆ ಒತ್ತಿದರು, ಮತ್ತೂ ನಕ್ಕರು. ಇನ್ನು ಆ ಗರ್ಜನೆಗೆ ಹೆದರುವವರು ಆ ಹಾಲಿನಲ್ಲಿ ಒಬ್ಬರೂ ಉಳಿಯಲಿಲ್ಲ. ನನ್ನ ಜೀವಮಾನದ ದೊಡ್ಡ ಕೆಲಸ ಕಣ್ಣೆದುರೇ ನಗೆಪಾಟಲಾಯಿತು. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳು, ಸ್ವಲ್ಪ ಉರಿಯಿತು. ಆದರೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿದ್ದು ಉರಿಗಲ್ಲ.

ನಗು ಇಳಿಯುತ್ತಾ ಬಂದಾಗ, ನನ್ನನ್ನು ಅಜ್ಜಿ ಎಂದಿದ್ದ ಹುಡುಗಿ ಅಸ್ಥಿಪಂಜರದ ದವಡೆಯನ್ನು ದಿಟ್ಟಿಸಿ ಕೇಳಿದಳು. "ಹಾಗಾದ್ರೆ ಇದು ಹೇಗೆ ಕೂಗ್ತಿತ್ತು?"

ಭಾವ ಎದ್ದು ಕೂತು, ಶರ್ಟಿನ ಧೂಳು ಕೊಡವಿದರು. "ಅದನ್ನ ಕಂಡುಹಿಡಿದಿರೋಳು ಅಲ್ಲಿದಾಳೆ ನೋಡಿ, ನನ್ನ ಮಗಳು. ಅವಳನ್ನ ಕೇಳಿ. ಎಲ್ಲರೂ ಬಾಯಿ ಮುಚ್ಚಿ."

ಮುಚ್ಚಿದರು.

"ನಂಗೆ ಗ್ಯಾರಂಟಿ ಗೊತ್ತಿಲ್ಲ" ಎಂದಳು ಮೂಳೆ. "ಯಾರಿಗೂ ಗೊತ್ತಿಲ್ಲ. ಮೊಸಳೆ ಹೇಗೆ ಕೂಗತ್ತೆ, ಪಾರಿವಾಳ ಹೇಗೆ ಕೂಗತ್ತೆ ಅಂತ ನೋಡಿ, ಬಹುಶಃ ಹೀಗಿರ್ಬೇಕು ಅಂತ ಲೆಕ್ಕ ಹಾಕಿದೀವಿ. ಅದು ಬಾಯಿ ತೆರೀತಿರ್ಲಿಲ್ಲ. ಎಲ್ಲರೂ ಈ ಜಗಲಿ ಮೇಲೆ ಬನ್ನಿ. ಶೂ ಬಿಚ್ಚಿದ್ರೆ ಇನ್ನೂ ಒಳ್ಳೇದು."

ಹಾಲು ತುಂಬ ಶೂ ಬಿಚ್ಚುವ ಗಡಿಬಿಡಿ. ಜಗಲಿ ತುಂಬಿತು. ಅವಳು ನೀಲಿ ಬಟನ್ ಒತ್ತಿದಳು.

ಮೊದಲು ಏನೂ ಇಲ್ಲ. ಮಕ್ಕಳು ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಮಂಡಿಗೆ ಬಂತು, ಹೊಟ್ಟೆಗೆ ಬಂತು, ಎದೆಯಲ್ಲಿ ಬಂದು ನಿಂತಿತು. ಅದನ್ನು ಕಟ್ಟಿದವಳು ನಾನು. ಡ್ರಮ್ಮಿನ ರಬ್ಬರು ಎಲ್ಲಿ ಮುಗಿಯುತ್ತದೆ, ಪಾರಿವಾಳ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲೆ. ಆದರೂ ನನ್ನ ತೋಳಿನ ಮೇಲೆ ಕೂದಲು ನಿಮಿರಿತು. ಸದ್ದು ಜಗಲಿಯಿಂದ ಬರುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಎಲ್ಲರ ತಲೆಯೂ ತಾನಾಗಿ ಮೇಲಕ್ಕೆ, ಆ ಮುಚ್ಚಿದ ದವಡೆಯ ಕಡೆಗೆ ಎದ್ದಿತು. ಪುಟ್ಟ ಹುಡುಗಿ ಪಕ್ಕದಲ್ಲಿದ್ದ ಕೈಯನ್ನು ಹಿಡಿದುಕೊಂಡಳು. ಅದು ನನ್ನ ಕೈ.

ಸದ್ದು ನಿಂತ ಮೇಲೂ ಯಾರೂ ಕದಲಲಿಲ್ಲ. ಬಾಗಿಲ ಬಳಿ ನಿಂತಿದ್ದ ಡೈರೆಕ್ಟರು ಬೋರ್ಡಿನ ಕಡೆ ಒಮ್ಮೆ ನೋಡಿ, "ಹೆಸರು ಇರ್ಲಿ" ಎಂದು ಯಾರಿಗೆಂದಿಲ್ಲದೆ ಹೇಳಿದರು.

ಮೂಳೆ ಅಪ್ಪನ ಕಡೆ ನೋಡಿದಳು. ಹೆಡ್‌ಮಾಸ್ಟರು ತಮ್ಮ ಶಾಲೆಯ ಮಕ್ಕಳ ನಡುವೆ ಬರಿಗಾಲಲ್ಲಿ, ಕೂದಲು ಕೆದರಿಕೊಂಡು, ಎದೆಯ ಮೇಲೆ ಅಂಗೈ ಒತ್ತಿಕೊಂಡು ಕೂತಿದ್ದರು. ಊರಿನ ಮಕ್ಕಳನ್ನೆಲ್ಲ ಸದ್ದು ಮಾಡಬೇಡಿ ಎಂದೇ ಬೆಳೆಸಿದ ಮನುಷ್ಯ ಕಣ್ಣೊರೆಸಿಕೊಂಡು, ತರಗತಿಯಲ್ಲಿ ಕೇಳುವವರಂತೆ ಕೈ ಮೇಲೆತ್ತಿದರು.

"ಮಗಳೇ, ಇನ್ನೊಂದ್ಸಲ ಹಾಕು" ಎಂದರು.